ವಿಜಯಪುರದ ಬೇಸಿಗೆಯಲ್ಲಿ ರೀಫ್ ಟ್ಯಾಂಕ್ ಬದುಕುತ್ತದೆಯೇ?

ನೀವು ಕೇಳಿದ್ದು ಮೂರು: ವಿಜಯಪುರದ ಬಿಸಿಲಲ್ಲಿ ಹವಳ, ಸಮುದ್ರದ ಮೀನು ಸಾಕುವ ಉಪ್ಪುನೀರಿನ ರೀಫ್ ಟ್ಯಾಂಕ್ ನಡೆಯುತ್ತದೆಯೇ, 2 ಅಡಿಯದು ಸಾಕೇ, ನೀರು ತಂಪು ಮಾಡುವ ಚಿಲ್ಲರ್ ಯಂತ್ರ ಇಲ್ಲದೆ ಬರೀ ಫ್ಯಾನ್ ಹಚ್ಚಿ ಸಂಭಾಳಿಸಬಹುದೇ. ನಾನೂ ಇದೇ ಊರವನು. ನನ್ನ ಈಗಿನ ಟ್ಯಾಂಕು ಆರನೇ ಬೇಸಿಗೆ ಕಾಣುತ್ತಿದೆ. ಹಾಗಾಗಿ ಮೊದಲನೆಯದಕ್ಕೆ ಉತ್ತರ, ಖಂಡಿತ ನಡೆಯುತ್ತದೆ. ಆದರೆ ಟ್ಯಾಂಕ್ ಆರಿಸುವ ಮೊದಲು ಕೋಣೆ ಆರಿಸಿ.

ಇದನ್ನು ನಾನು ಕಲಿತದ್ದು ನಷ್ಟ ಮಾಡಿಕೊಂಡು. ನನ್ನ ಮೊದಲ ಟ್ಯಾಂಕು 2 ಅಡಿಯದು, 60 ಲೀಟರ್ ಚಿಲ್ಲರೆ. ಬಂದವರಿಗೆಲ್ಲ ಕಾಣಲಿ ಎಂದು ಹಾಲ್‌ನ ಪಡುವಣ ಗೋಡೆಗೆ ಹಚ್ಚಿ ಇಟ್ಟಿದ್ದೆ. ಮೇಲೆ ಆರ್‌ಸಿಸಿ ಸ್ಲ್ಯಾಬು, ಮಧ್ಯಾಹ್ನ ಮೂರರ ಮೇಲೆ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು. ಏಪ್ರಿಲ್‌ನ ಒಂದು ದಿನ ನಾಲ್ಕು ತಾಸು ಕರೆಂಟ್ ಇರಲಿಲ್ಲ. ನಾನು ಕೆಲಸದಿಂದ ಬಂದು ನೋಡಿದಾಗ ನೀರು 33 ಡಿಗ್ರಿ. ಎರಡು ಕ್ಲೌನ್ ಮೀನು ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ಉಸಿರಿಗೆ ಒದ್ದಾಡುತ್ತಿದ್ದವು. ಮೀನು ಹೇಗೋ ಉಳಿದವು. ಮಶ್ರೂಮ್ ಹವಳಗಳು ವಾರದೊಳಗೆ ಬಿಳಿಚಿ ಕರಗಿಹೋದವು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಬೆಳಕಿನಿಂದ ಅದು ತಯಾರಿಸುವ ಆಹಾರವೇ ಹವಳದ ಮುಖ್ಯ ಊಟ. ಬಿಸಿ ಹೆಚ್ಚಾದಾಗ ಹವಳ ಆ ಪಾಚಿಯನ್ನೇ ಹೊರಗೆ ಹಾಕುತ್ತದೆ. ಬಿಳಿಚಿಕೊಳ್ಳುವುದು ಅಂದರೆ ಅದೇ. ಜೊತೆಗೆ ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ನಿಲ್ಲುತ್ತದೆ. ಆದ್ದರಿಂದ ನೀರು 24ರಿಂದ 27 ಡಿಗ್ರಿಯೊಳಗೆ ಇರಬೇಕು, ಅದೂ ದಿನವಿಡೀ ಹೆಚ್ಚು ಏರಿಳಿತ ಇಲ್ಲದೆ.

ಈಗಿನ ಟ್ಯಾಂಕ್ ಇರುವುದು ನಮ್ಮ ಅಜ್ಜನ ಕಾಲದ ಮಣ್ಣಿನ ಮಾಳಿಗೆಯ ಮನೆಯಲ್ಲಿ, ಒಳಗಿನ ಕೋಲಿಯಲ್ಲಿ. ಕಲ್ಲಿನ ಗೋಡೆ ದಪ್ಪಗಿದೆ, ಬಿಸಿಲು ಎಲ್ಲಿಂದಲೂ ನೇರ ಬೀಳುವುದಿಲ್ಲ. ಹೊರಗೆ 40 ಇದ್ದಾಗ ಅಲ್ಲಿ 31, 32. ನಿಮಗೆ ಅಂಥ ಮನೆ ಇಲ್ಲದಿದ್ದರೂ ಚಿಂತಿಲ್ಲ, ಇದ್ದುದರಲ್ಲೇ ತಂಪಾದ ಕೋಣೆ ಹುಡುಕಿ. ಮಹಡಿ ಮನೆಯಾದರೆ ಮೇಲಿನದು ಬೇಡ, ಕೆಳಗಿನದು. ಗಾಜಿನ ಮೇಲೆ ರೊಕ್ಕ ಹಾಕುವ ಮೊದಲು ಅಲ್ಲಿ ಅಗಲ ಬಾಯಿಯ ಟಬ್‌ನಲ್ಲಿ ನೀರಿಟ್ಟು, ಅದರ ಮೇಲೆ ಟೇಬಲ್ ಫ್ಯಾನ್ ಹಾಯಿಸಿ, ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಥರ್ಮಾಮೀಟರ್ ನೋಡಿ ಬರೆದಿಡಿ. ಯಾವ ಅಂಗಡಿಯವರ ಮಾತಿಗಿಂತ ಆ ಏಳು ದಿನದ ಅಂಕಿ ನಿಮಗೆ ಹೆಚ್ಚು ಹೇಳುತ್ತದೆ.

ಫ್ಯಾನ್ ಹೇಗೆ ಕೆಲಸ ಮಾಡುತ್ತದೆಂದು ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ. ಹರವಿಯ ನೀರು ತಂಪಾಗುವ ರೀತಿಯೇ ಅದು. 1 ಲೀಟರ್ ನೀರು ಆವಿಯಾಗಿ ಹೋಗುವಾಗ ಸುಮಾರು 2,400 ಕಿಲೋಜೂಲ್ ಶಾಖ ಒಯ್ಯುತ್ತದೆ. 200 ಲೀಟರಿನ ಟ್ಯಾಂಕನ್ನು 1 ಡಿಗ್ರಿ ಇಳಿಸಲು ಸುಮಾರು 840 ಸಾಕು. ಅಂದರೆ 1 ಲೀಟರ್ ಆವಿ, ಹೆಚ್ಚುಕಡಿಮೆ 3 ಡಿಗ್ರಿ ತಂಪು, ಹೊರಗಿನಿಂದ ಶಾಖ ಮತ್ತೆ ಒಳಗೆ ಬರದಿದ್ದರೆ. ಇಲ್ಲಿ ನಮ್ಮ ಊರಿನ ಹವೆ ನಮ್ಮ ಪರವಾಗಿದೆ. ಒಣ ಗಾಳಿ ನೀರನ್ನು ಬೇಗ ಕುಡಿಯುತ್ತದೆ. ಮಂಗಳೂರಿನ ಜಿಗುಟು ಸೆಕೆಯಲ್ಲಿ ಇದೇ ಫ್ಯಾನ್ ಇದರ ಅರ್ಧ ಕೆಲಸವನ್ನೂ ಮಾಡಲಾರದು. ನನ್ನ 3 ಅಡಿಯ ಟ್ಯಾಂಕಿನಿಂದ ಏಪ್ರಿಲ್, ಮೇ ತಿಂಗಳಲ್ಲಿ ದಿನಕ್ಕೆ 4ರಿಂದ 5 ಲೀಟರ್ ಹೋಗುತ್ತದೆ, ಕೋಲಿ 32 ಇದ್ದಾಗ ನೀರು 27ರ ಸುತ್ತ ನಿಲ್ಲುತ್ತದೆ. ಆದರೆ ಅದೇ ಕೋಣೆಯಲ್ಲಿ ಕಿಟಕಿ ಮುಚ್ಚಿ ಏರ್ ಕೂಲರ್ ಹಚ್ಚಬೇಡಿ. ಕೂಲರ್ ಗಾಳಿಯನ್ನು ತೇವ ಮಾಡುತ್ತದೆ, ಆಮೇಲೆ ಟ್ಯಾಂಕಿನ ನೀರು ಆವಿಯಾಗುವುದೇ ನಿಧಾನವಾಗುತ್ತದೆ.

ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. ಆದ್ದರಿಂದ ತುಂಬುವಾಗ ಸಿಹಿನೀರನ್ನೇ ಹಾಕಬೇಕು, ಉಪ್ಪು ಕಲಸಿದ್ದನ್ನಲ್ಲ. ಎರಡು ದಿನ ಮರೆತರೆ ಲವಣಾಂಶ ಸಮುದ್ರದ ಮಟ್ಟವಾದ ಸಾವಿರಕ್ಕೆ 35 ಭಾಗದಿಂದ ಮೇಲೇರುತ್ತದೆ. ತಾನೇ ನೀರು ತುಂಬಿಕೊಳ್ಳುವ ಆಟೋ ಟಾಪ್ ಆಫ್ ಹಾಕಿಸಿ, ಇದರಲ್ಲಿ ಉಳಿತಾಯ ಬೇಡ. ನಮ್ಮ ಬೋರ್‌ವೆಲ್ ನೀರು ಬಲು ಗಡಸು, ಕುಡಿಯುವ ಆರ್‌ಒ ಮಷಿನ್ನಿನದೂ ಸಾಲದು. ಆರ್‌ಒ ಆದ ಮೇಲೆ ಉಳಿದ ಲವಣವನ್ನೂ ಹಿಡಿದುಕೊಳ್ಳುವ ಡಿಐ ರಾಳದ ಮೂಲಕ ಹಾಯಿಸಿದಾಗ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ 0 ತೋರಿಸಬೇಕು.

ನಿಮ್ಮ ಟಬ್‌ನ ನೀರು ಫ್ಯಾನ್ ಇದ್ದೂ 28ರ ಕೆಳಗೆ ಬರದಿದ್ದರೆ ಚಿಲ್ಲರ್ ತಪ್ಪಿದ್ದಲ್ಲ. ಅಷ್ಟು ಬಜೆಟ್ ಈಗ ಇಲ್ಲವಾದರೆ ಒಂದು ವರ್ಷ ಕಾಯಿರಿ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಡಬ್ಬಿಯ ಮೇಲೆ ಬರೆದ ಲೀಟರ್ ಲೆಕ್ಕ ತಂಪು ಕೋಣೆಗೆ ಮಾಡಿದ್ದು, ನಮ್ಮ ಬಿಸಿಲಿಗೆ ಒಂದು ಸೈಜ್ ದೊಡ್ಡದೇ ಇರಲಿ. ಇನ್ನೊಂದು, ಚಿಲ್ಲರ್ ಶಾಖವನ್ನು ನಾಶ ಮಾಡುವುದಿಲ್ಲ, ನೀರಿನಿಂದ ತೆಗೆದು ಹಿಂದಿನಿಂದ ಊದುತ್ತದೆ. ಟ್ಯಾಂಕಿನ ಕೆಳಗಿನ ಕಪಾಟಿನಲ್ಲಿ ಮುಚ್ಚಿಟ್ಟರೆ ತನ್ನ ಬಿಸಿಯಲ್ಲಿ ತಾನೇ ಬೇಯುತ್ತದೆ. ಗೋಡೆಯಾಚೆ ಇಲ್ಲವೇ ಕಿಟಕಿಯ ಹತ್ತಿರ ಇಟ್ಟು ಪೈಪು ಎಳೆಯಿರಿ. ಡಿಸೆಂಬರ್ ರಾತ್ರಿಗೆ ಹೀಟರ್ ಕೂಡ ಬೇಕಾಗುತ್ತದೆ. ಹೀಟರ್ 24.5ಕ್ಕೆ, ಚಿಲ್ಲರ್ 26.5ಕ್ಕೆ ಇಟ್ಟರೆ ಒಂದು ಕಾಯಿಸಿದ್ದನ್ನು ಇನ್ನೊಂದು ಆರಿಸುತ್ತ ಕೂರುವುದಿಲ್ಲ.

ಸೈಜ್ ವಿಷಯ: 2 ಅಡಿಯದು ಬೇಡ. ಸಣ್ಣ ಟ್ಯಾಂಕು ಬೇಗ ಕಾಯುತ್ತದೆ, ಬೇಗ ಕೆಡುತ್ತದೆ. 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ, ಅಂದರೆ 180 ಲೀಟರ್ ಆಸುಪಾಸು. ಕೆಳಗೊಂದು ಸಂಪ್, ಅಂದರೆ ಟ್ಯಾಂಕಿನ ನೀರು ಇಳಿದು ಮತ್ತೆ ಮೇಲೇರುವ ಇನ್ನೊಂದು ತೊಟ್ಟಿ. ಮೇಲ್ಭಾಗ ಗಾಜಿನಿಂದ ಮುಚ್ಚಬೇಡಿ, ಮೀನು ಹಾರದಂತೆ ಬಲೆ ಸಾಕು. ಎಲ್‌ಇಡಿ ದೀಪ, ಕಡಿಮೆ ವ್ಯಾಟಿನ ಡಿಸಿ ಪಂಪು ತಗೊಳ್ಳಿ. ನೀರೊಳಗಿನ ಪಂಪಿನ ವ್ಯಾಟೆಲ್ಲ ಕೊನೆಗೆ ಶಾಖವಾಗಿ ನೀರಿಗೇ ಸೇರುತ್ತದೆ.

ಕರೆಂಟ್ ಹೋದಾಗ ಮೊದಲು ಬೇಕಾದದ್ದು ಗಾಳಿ, ತಂಪು ಆಮೇಲೆ. ಬ್ಯಾಟರಿಯ ಏರ್ ಪಂಪ್ ಒಂದು ಸದಾ ಸಿದ್ಧವಿರಲಿ, ಸಾಧ್ಯವಾದರೆ ಫ್ಯಾನನ್ನೂ ಒಂದು ಪಂಪನ್ನೂ ಮನೆಯ ಇನ್ವರ್ಟರ್ ಲೈನಿಗೆ ಹಾಕಿಸಿ. ಬರ್ಫದ ತುಂಡುಗಳನ್ನು ನೇರ ಹಾಕಬೇಡಿ, ಲವಣಾಂಶ ಕುಸಿಯುತ್ತದೆ. ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ, ಮುಚ್ಚಳ ಬಿಗಿದು, ಸಂಪ್‌ನಲ್ಲಿ ತೇಲಿಬಿಡಿ. ಇಳಿಕೆ ನಿಧಾನ ಇರಲಿ.

ಹವಳ ಕೊಳ್ಳುವಾಗ ಕಾನೂನು ನೆನಪಿಡಿ. ಗಟ್ಟಿ ಹವಳ, ಕಪ್ಪು ಹವಳ, ಸೀ ಫ್ಯಾನ್, ಕಡಲ್ಗುದುರೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಮುರುಡೇಶ್ವರದಾಚೆ ನೇತ್ರಾಣಿ ದ್ವೀಪದ ಸುತ್ತ ಇರುವ ಹವಳ ಅಲ್ಲೇ ಇರಲಿ. ಮಶ್ರೂಮ್, ಜೋಆಂಥಿಡ್, ಲೆದರ್‌ನಂಥ ಮೆತ್ತನೆಯವು ಹೊಸಬರ ಕೈಯಲ್ಲಿ ಸುಲಭವಾಗಿ ಬದುಕುತ್ತವೆ, ಬಿಲ್ ಕೇಳಿ ತಗೊಳ್ಳಿ. ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದೆ, ಹಾಗೆ ಸಾಕಿದ ಮೀನನ್ನೇ ಕೇಳಿ ಪಡೆಯಿರಿ.

ನೀರು ಹದವಾಗಿ, ಮೀನಿನ ಹೊಲಸನ್ನು ಅರಗಿಸುವ ಬ್ಯಾಕ್ಟೀರಿಯಾ ನೆಲೆಯೂರಲು 4ರಿಂದ 6 ವಾರ ಬೇಕು. ಗಣೇಶ ಚೌತಿಯ ಹೊತ್ತಿಗೆ ಶುರು ಮಾಡಿದರೆ ಮುಂದಿನ ಬೇಸಿಗೆಯೊಳಗೆ ಟ್ಯಾಂಕ್ ಗಟ್ಟಿಯಾಗಿರುತ್ತದೆ. ಅಲ್ಲಿಯವರೆಗೆ ಟಬ್‌ನ ಅಂಕಿ ಬರೆದಿಟ್ಟು, ಕೋಣೆ ಯಾವ ದಿಕ್ಕಿಗಿದೆ, ಮೇಲೆ ಸ್ಲ್ಯಾಬೋ ಮಹಡಿಯೋ ಎಂದು ಇಲ್ಲೇ ಕೆಳಗೆ ಹಾಕಿ. ಚಿಲ್ಲರ್ ಬೇಕೋ ಬೇಡವೋ ಎಂದು ಆಗ ಖಚಿತವಾಗಿ ಹೇಳುತ್ತೇನೆ.