ಜಪಾನಿನ ಹಳ್ಳಿಗಾಡಿನಲ್ಲಿ ಕಾರು, ಟೆಂಟು: ಹತ್ತು ದಿನಕ್ಕೆ ಶಿಕೋಕು ಒಂದೇ ಸಾಕು

ನಿಮ್ಮ ಪ್ರಶ್ನೆ ಇಷ್ಟು: ಗಂಡ ಹೆಂಡತಿ ಇಬ್ಬರೇ, ಅಕ್ಟೋಬರ್‌ನಲ್ಲಿ ಹತ್ತು ದಿನ ರಜೆ, ಜಪಾನಿ ಭಾಷೆ ಬರಲ್ಲ. ಬಾಡಿಗೆ ಕಾರಿನಲ್ಲಿ ಕರಾವಳಿ, ಬೆಟ್ಟ ಎರಡನ್ನೂ ಟೆಂಟ್ ಹಾಕಿಕೊಂಡೇ ಸುತ್ತಬಹುದಾ? ಧಾರಾಳವಾಗಿ ಸುತ್ತಬಹುದು. ಆದರೆ ಟೋಕಿಯೋ, ಫ್ಯೂಜಿ, ಜಪಾನಿ ಆಲ್ಪ್ಸ್, ಹಿರೋಷಿಮಾ ಎಂಬ ನಿಮ್ಮ ಪಟ್ಟಿಯನ್ನು ಕೈಬಿಡಿ. ಅಷ್ಟನ್ನೂ ಕಾರಿನಲ್ಲಿ ಮುಗಿಸಲು ಹೊರಟರೆ ನೋಡುವುದು ಟೋಲ್ ಗೇಟು, ಸುರಂಗ ಇಷ್ಟೇ. ಟೋಲಂತೂ ವಿಪರೀತ ದುಬಾರಿ.

ನಾನು ಒಸಾಕಾದಲ್ಲಿ ಕೆಲಸದಲ್ಲಿದ್ದೇನೆ. ಸಾಲು ರಜೆ ಬಂದರೆ ಟೆಂಟ್ ಎತ್ತಿಕೊಂಡು ಹೋಗುವುದು ಶಿಕೋಕುಗೆ. ಜಪಾನಿನ ನಾಲ್ಕು ದೊಡ್ಡ ದ್ವೀಪಗಳಲ್ಲಿ ಅದೇ ಚಿಕ್ಕದು. ಬೆಳಿಗ್ಗೆ ಸಮುದ್ರದಲ್ಲಿ ಕಾಲಾಡಿಸಿ ಮಧ್ಯಾಹ್ನಕ್ಕೆ ಬೆಟ್ಟದ ನಡುವೆ ಇರಬಹುದು. ಇನ್ನೊಂದು ಕಾರಣ ಕರಡಿ. ಮುಖ್ಯ ದ್ವೀಪ ಹೊನ್ಶುವಿನ ಉತ್ತರದಲ್ಲಿ, ಅಕಿತಾ, ಇವಾತೆ ಕಡೆ, 2025ರಲ್ಲಿ ಕರಡಿ ಕಾಟ ಜೋರಾಗಿತ್ತು. ಶಿಕೋಕುವಿನಲ್ಲಿ ಉಳಿದಿರುವುದು ತ್ಸುರುಗಿ ಬೆಟ್ಟದ ಸುತ್ತ ಬೆರಳೆಣಿಕೆಯಷ್ಟು ಮಾತ್ರ. ಮೊದಲ ಸಲ ಟೆಂಟ್‌ನಲ್ಲಿ ಮಲಗುವವರಿಗೆ ಇದು ಸಣ್ಣ ಸಮಾಧಾನವಲ್ಲ, ಅಲ್ವಾ?

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಊರಿನ ಆರ್‌ಟಿಒದಲ್ಲಿ ಅಂತಾರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿ. ಜಪಾನ್ ಒಪ್ಪುವುದು 1949ರ ಜಿನೀವಾ ಒಪ್ಪಂದದ ಪರ್ಮಿಟ್ ಮಾತ್ರ, ಅದರ ಮೇಲೆ ಹಾಗೆ ಬರೆದಿದೆಯಾ ಅಂತ ನೋಡಿಕೊಳ್ಳಿ. ಮೂಲ ಲೈಸೆನ್ಸ್ ಕೂಡ ಜೊತೆಗಿರಲಿ. ಇಲ್ಲೂ ಎಡಗಡೆಯೇ ಓಡಿಸುವುದು. ಆದರೆ ರೈಲ್ವೆ ಗೇಟು ತೆರೆದೇ ಇದ್ದರೂ ಹಳಿಯ ಮುಂದೆ ಗಾಡಿ ಪೂರ್ತಿ ನಿಲ್ಲಿಸಿಯೇ ದಾಟಬೇಕು. ಕೆಂಪು ದೀಪವಿದ್ದಾಗ ಎಡಕ್ಕೆ ತಿರುಗುವ ಹಾಗಿಲ್ಲ.

ಒಸಾಕಾದ ಕಾನ್ಸಾಯ್ ವಿಮಾನ ನಿಲ್ದಾಣದಿಂದ ಶಿಕೋಕುವಿನ ತೊಕುಶಿಮಾಗೆ ಬಸ್ಸಿದೆ. ಕಾರು ಅಲ್ಲೇ ತಗೊಳ್ಳಿ, ಶಿಕೋಕುಗೆ ದಾಟುವ ದುಬಾರಿ ಸೇತುವೆಗಳ ಟೋಲು ಉಳಿಯುತ್ತದೆ. ಹಳದಿ ನಂಬರ್ ಪ್ಲೇಟಿನ 660 ಸಿಸಿ ಪುಟ್ಟ ಕಾರನ್ನೇ ಕೇಳಿ, ಇಲ್ಲಿ ಅದಕ್ಕೆ ಕೇ ಕಾರು ಅಂತಾರೆ. ದೊಡ್ಡ ಕಾರಿನ ಆಸೆ ಬೇಡ. ಯಾಕೆ ಅಂತ 439ನೇ ಹೆದ್ದಾರಿ ನಿಮಗೇ ಹೇಳುತ್ತದೆ.

ಹೆಸರಿಗೆ ಅದು ರಾಷ್ಟ್ರೀಯ ಹೆದ್ದಾರಿ. ತೊಕುಶಿಮಾದಿಂದ ಬೆಟ್ಟಗಳನ್ನು ಬಳಸಿಕೊಂಡು ಶಿಮಾಂತೊ ಊರಿನವರೆಗೆ ಹೋಗುತ್ತದೆ. ಎಷ್ಟೋ ಕಡೆ ಒಂದೇ ಕಾರಿನಷ್ಟು ಅಗಲ. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಕಣಿವೆ, ನಡುವೆ ಸೀಡರ್ ಮರಗಳ ನೆರಳಲ್ಲಿ ಒಣಗದ ಟಾರು, ಅದರ ಅಂಚಿಗೆ ಪಾಚಿ. ತಿರುವಿನಲ್ಲಿ ಕಿತ್ತಳೆ ಚೌಕಟ್ಟಿನ ಉಬ್ಬುಗನ್ನಡಿ ಇರುತ್ತದೆ. ಕಣ್ಣು ರಸ್ತೆಗಿಂತ ಆ ಕನ್ನಡಿ ಮೇಲೇ ಜಾಸ್ತಿ ಇರಬೇಕು. ಎದುರಿಗೆ ಮರದ ಲಾರಿ ಕಂಡರೆ ಹಿಂದಿನ ಅಗಲ ಜಾಗದವರೆಗೆ ರಿವರ್ಸ್ ಹೋಗುವುದು ನಿಮ್ಮ ಪಾಲಿನ ಕೆಲಸ. ಲಾರಿಯವನು ದಾಟುವಾಗ ತಲೆ ಬಾಗಿಸುತ್ತಾನೆ, ನೀವೂ ಬಾಗಿಸಿ. ಹಾರನ್ ಮುಟ್ಟಬೇಡಿ. ಇಲ್ಲಿ ಗಂಟೆಗೆ ಮೂವತ್ತು ಕಿಲೋಮೀಟರ್ ಸಾಗಿದರೆ ದೊಡ್ಡದು. ಹಾಗಾಗಿ ದೂರ ನೋಡಿ ಯೋಜನೆ ಹಾಕಬೇಡಿ, ಗಂಟೆ ನೋಡಿ ಹಾಕಿ. ಮೊಬೈಲ್ ನಕ್ಷೆ ತೋರಿಸುವ ಸಮಯಕ್ಕೆ ಇನ್ನರ್ಧ ಸೇರಿಸಿ. ನಾಲ್ಕು ಗಂಟೆಗೆ ಕ್ಯಾಂಪ್ ಜಾಗದಲ್ಲಿರಬೇಕು. ಅಕ್ಟೋಬರ್‌ನಲ್ಲಿ ಆರಕ್ಕೆಲ್ಲ ಕತ್ತಲು.

ಇದೇ ದಾರಿಯಲ್ಲಿ ಇಯಾ ಕಣಿವೆಯ ನಗೊರೊ ಸಿಗುತ್ತದೆ. ಜನ ಊರು ಬಿಟ್ಟ ಮೇಲೆ ಅಲ್ಲಿನ ಒಬ್ಬ ಮಹಿಳೆ ಹುಲ್ಲು, ಬಟ್ಟೆ ತುಂಬಿ ಮನುಷ್ಯರಷ್ಟೆತ್ತರದ ಗೊಂಬೆ ಮಾಡಿ ಬಸ್ ಸ್ಟಾಪಿನಲ್ಲಿ, ಹೊಲದಲ್ಲಿ, ಮುಚ್ಚಿದ ಶಾಲೆಯಲ್ಲಿ ಕೂರಿಸಿದ್ದಾರೆ. ಈಗ ಊರಲ್ಲಿ ಜನಕ್ಕಿಂತ ಗೊಂಬೆಗಳೇ ಜಾಸ್ತಿ. ಕೆಲವರಿಗೆ ಭಯವಾಗುತ್ತದಂತೆ. ನನಗೆ ಹೊಟ್ಟೆಯೊಳಗೆ ಕಸಿವಿಸಿ ಆಗಿದ್ದು ಶಾಲೆಯಲ್ಲಿ. ಅದೇ ಕಣಿವೆಯ ಬಳ್ಳಿ ಸೇತುವೆ ಪ್ರವಾಸಿಗರ ಜಾಗ, ಆದರೂ ದಾಟಿ. 45 ಮೀಟರ್ ಉದ್ದ, ಮೂರು ವರ್ಷಕ್ಕೊಮ್ಮೆ ಹೊಸ ಬಳ್ಳಿ ಕಟ್ಟುತ್ತಾರೆ. ಕಾಲಡಿಯ ಹಲಗೆಗಳ ಸಂದಿಯಲ್ಲಿ ನದಿ ಕಾಣುತ್ತದೆ.

ಆಮೇಲೆ ಶಿಮಾಂತೊ ನದಿಗೆ ಇಳಿಯಿರಿ, 196 ಕಿಲೋಮೀಟರ್ ಉದ್ದದ ನದಿ. ಅದರ ಮೇಲಿನ ತಗ್ಗು ಸೇತುವೆಗಳಿಗೆ ಪಕ್ಕದ ತಡೆಕಂಬಿಯೇ ಇಲ್ಲ. ನೆರೆ ಬಂದರೆ ಮುಳುಗಲಿ, ತೇಲಿ ಬಂದ ಮರ ಸಿಕ್ಕಿಹಾಕಿಕೊಳ್ಳದಿರಲಿ ಎಂದೇ ಹಾಗೆ ಕಟ್ಟಿದ್ದು. ಮಲೆನಾಡಿನ ಹಳ್ಳದ ಮುಳುಗು ಸೇತುವೆ ನೋಡಿದವರಿಗೆ ಲೆಕ್ಕಾಚಾರ ಥಟ್ಟನೆ ಅರ್ಥವಾಗುತ್ತದೆ. ನದಿ ದಂಡೆಯಲ್ಲಿ ಕ್ಯಾಂಪ್ ಜಾಗಗಳಿವೆ. ಅಲ್ಲಿಂದ ಅಶಿಜುರಿ ಭೂಶಿರ, ಸಮುದ್ರದ ತಳ ಕಾಣುವ ಕಶಿವಾಜಿಮಾ ದ್ವೀಪ. ವಾಪಸ್ ಬರುವಾಗ ಶಿಕೋಕು ಕಾರ್ಸ್ಟ್: ಹುಲ್ಲುಗಾವಲು, ಅದರ ತುಂಬ ಬಿಳಿ ಸುಣ್ಣದ ಕಲ್ಲು, ನಡುವೆ ಹಸು. ಸುಮಾರು 1,400 ಮೀಟರ್ ಎತ್ತರ. ಗಾಳಿ ಜೋರು, ಟೆಂಟಿನ ಗೂಟ ಗಟ್ಟಿಯಾಗಿ ಹೊಡೆಯಿರಿ. ತಿಂಗಳ ಕೊನೆಯಲ್ಲಿ ರಾತ್ರಿ ಮೈ ಕೊರೆಯುವ ಚಳಿ. ಊರಿನಿಂದ ತೆಳು ಸ್ಲೀಪಿಂಗ್ ಬ್ಯಾಗ್ ತಂದರೆ ನಿದ್ದೆಯಿಲ್ಲ.

ಎಲ್ಲರೂ ಕೇಳುವುದು ಮಿಚಿ ನೊ ಎಕಿ ಬಗ್ಗೆ. ರಸ್ತೆ ಬದಿಯ ತಂಗುದಾಣ, ಪಾರ್ಕಿಂಗ್ ಪುಕ್ಕಟೆ, ಶೌಚಾಲಯ ದಿನವಿಡೀ ತೆರೆದಿರುತ್ತದೆ. ಸುಸ್ತಾದರೆ ಕಾರಿನಲ್ಲೇ ಸ್ವಲ್ಪ ಹೊತ್ತು ಕಣ್ಣು ಮುಚ್ಚಬಹುದು. ಆದರೆ ಟೆಂಟ್, ಕುರ್ಚಿ, ಒಲೆ ಹರಡುವ ಜಾಗ ಅದಲ್ಲ. ಬದಲಿಗೆ ಅಲ್ಲಿ ತರಕಾರಿ ಕೊಳ್ಳಿ. ಪೊಟ್ಟಣದ ಮೇಲೆ ಬೆಳೆದ ರೈತನ ಹೆಸರೇ ಇರುತ್ತದೆ.

ಅಡುಗೆಗೆ ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ತರುವ ಹಾಗಿಲ್ಲ. ಕ್ಯಾಸೆಟ್ ಗ್ಯಾಸ್ ಇಲ್ಲಿನ ಸೂಪರ್ ಮಾರ್ಕೆಟ್‌ನಲ್ಲೇ ಸಿಗುತ್ತದೆ, ಅದಕ್ಕೆ ಹೊಂದುವ ಒಲೆಯನ್ನೂ ಇಲ್ಲೇ ಕೊಳ್ಳಿ. ಹಸಿ ಕರಿಬೇವು, ಹಸಿಮೆಣಸು, ಅಕ್ಕಿ ಯಾವುದನ್ನೂ ತರಬೇಡಿ. ಸಾರಿನ ಪುಡಿ, ಚಟ್ನಿಪುಡಿ ಇದ್ದರೆ ಸಾಕು. ಸಸ್ಯಾಹಾರಿಗಳಾದರೆ ಹೋಟೆಲಿನ ಸಾರು ಪ್ರತಿಯೊಂದರಲ್ಲೂ ಮೀನಿನ ರಸ ಇರುತ್ತದೆ ಎಂದೇ ಹೊರಡಿ. ಮೀನು ತಿನ್ನುವವರಾದರೆ ಶಿಕೋಕುವಿನ ಕೊಚ್ಚಿ ನಗರದಲ್ಲಿ ಹುಲ್ಲಿನ ಬೆಂಕಿಗೆ ಹಿಡಿದು ಉಪ್ಪು ಉದುರಿಸಿದ ಕತ್ಸುವೊ ಮೀನು ತಿನ್ನದೆ ಬರಬೇಡಿ.

ನೆಲದ ಮೇಲೆ ನೇರವಾಗಿ ಬೆಂಕಿ ಹಾಕಲು ಹೆಚ್ಚಿನ ಕ್ಯಾಂಪ್‌ಗಳು ಬಿಡಲ್ಲ, ಕಾಲಿರುವ ತಟ್ಟೆ ಬೇಕು. ಎಷ್ಟೋ ಕಡೆ ಕಸವನ್ನೂ ನೀವೇ ಹೊತ್ತು ಒಯ್ಯಬೇಕು. ಭಾಷೆಯ ಚಿಂತೆ ಬಿಡಿ, ಫೋನಿನ ಅನುವಾದದಲ್ಲಿ ಕೆಲಸ ನಡೆಯುತ್ತದೆ. ಬುಕಿಂಗ್‌ಗೆ ಫೋನೇ ಮಾಡಬೇಕಾದ ಕ್ಯಾಂಪ್ ಇದ್ದರೆ ಹಿಂದಿನ ರಾತ್ರಿಯ ಹೋಟೆಲಿನವರಿಗೆ ಹೇಳಿ, ಅವರು ಮಾಡಿಕೊಡುತ್ತಾರೆ. ಅಕ್ಟೋಬರ್‌ನಲ್ಲೂ ಚಂಡಮಾರುತ ಬರುವುದುಂಟು. ಮುನ್ಸೂಚನೆ ಕಂಡ ದಿನವೇ ನದಿ ದಂಡೆಯಿಂದ ಟೆಂಟ್ ಎತ್ತಿ, ಕೊಚ್ಚಿ ಅಥವಾ ಮತ್ಸುಯಾಮಾ ನಗರದಲ್ಲಿ ಎರಡು ರಾತ್ರಿಗೆ ರೂಮ್ ಹಿಡಿಯಿರಿ. ಆ ಎರಡು ರಾತ್ರಿಯ ಖರ್ಚನ್ನು ಬಜೆಟ್‌ನಲ್ಲಿ ಈಗಲೇ ಇಟ್ಟುಕೊಳ್ಳಿ.