ಪೋಲೆಂಡಿನ ಪಿ-64 ತಗೊಳ್ಳಲಾ, ಹಂಗೇರಿಯ ಪಿಎ-63 ತಗೊಳ್ಳಲಾ? ತೋಟಾ ಯಾವುದು ಹಾಕಲಿ?

ನೀವಿರುವುದು ಹ್ಯೂಸ್ಟನ್‌ನಲ್ಲಿ, ಗ್ರೀನ್ ಕಾರ್ಡ್ ಇದೆ, ಎರಡೂ ಪಿಸ್ತೂಲು ಹೆಚ್ಚುಕಡಿಮೆ ಒಂದೇ ಬೆಲೆಗೆ ಸಿಗುತ್ತಿವೆ. ಜೊತೆಗೆ ಮಾರುವವನು ಹಳೇ ಮಿಲಿಟರಿ ತೋಟಾಗಳ ತಗಡಿನ ಡಬ್ಬಿಯೊಂದನ್ನು ಅಗ್ಗಕ್ಕೆ ಕೊಡುತ್ತೇನೆ ಅಂದಿದ್ದಾನೆ. ಈ ಕೊನೆಯ ಮಾತು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಆ ಡಬ್ಬಿ ಬೇಡ. ಪಿಸ್ತೂಲಿನ ಮಾತು ಆಮೇಲೆ.

ನಾನು ಕೊಂಡಿದ್ದು ಪಿ-64. ಜೊತೆಗೆ ಬಂದದ್ದು ಇಂಥದೇ ಡಬ್ಬಿ: ಒಳಗೆ ಕಂದು ಕಾಗದದ ಪೊಟ್ಟಣ, ಹಸಿರು ಮೆರುಗೆಣ್ಣೆ ಬಳಿದ ಉಕ್ಕಿನ ಕೇಸುಗಳು, ಅಂದರೆ ತೋಟಾದ ಹೊರಕವಚಗಳು. 'ನಾನ್ ಕರೋಸಿವ್ (ತುಕ್ಕು ಹಿಡಿಸದ್ದು), ಏನೂ ಆಗಲ್ಲ' ಅಂತ ಮಾರಿದವನು ಬಾಯಲ್ಲಿ ಹೇಳಿದ್ದ. ಪೊಟ್ಟಣದ ಮೇಲೆ ಅಂಥ ಅಕ್ಷರ ಎಲ್ಲೂ ಇರಲಿಲ್ಲ. ಜೂನ್ ತಿಂಗಳಲ್ಲಿ ಗುರಿ ಅಭ್ಯಾಸದ ರೇಂಜಿಗೆ ಹೋಗಿ 60 ಈಡು ಹೊಡೆದೆ. ಮನೆಗೆ ಬಂದು ನಳಿಗೆಗೆ ಸಾಲ್ವೆಂಟ್ ಹಾಕಿ ಬ್ರಷ್ ಎಳೆದೆ, ಬಟ್ಟೆ ತುಂಡು ಬೆಳ್ಳಗೆ ಬರುವವರೆಗೆ ಒರೆಸಿದೆ, ಮೇಲೆ ಎಣ್ಣೆ ಹಚ್ಚಿ ಪೆಟ್ಟಿಗೆಯಲ್ಲಿಟ್ಟೆ. ಬೆಳಕಿಗೆ ಹಿಡಿದರೆ ನಳಿಗೆ ಕನ್ನಡಿ ಹಾಗಿತ್ತು. ಮೂರು ವಾರ ಬಿಟ್ಟು ಮತ್ತೆ ಹೋದಾಗ ಎರಡನೇ ಈಡಿಗೇ ಖಾಲಿ ಕೇಸು ಹೊರಗೆ ಬರಲಿಲ್ಲ. ಹಿಂದೆ ಬಂದ ಸ್ಲೈಡು, ಅಂದರೆ ಪಿಸ್ತೂಲಿನ ಮೇಲಿನ ಜಾರುವ ಭಾಗ, ಮುಂದಿನ ತೋಟಾವನ್ನು ಅದರ ಬೆನ್ನಿಗೆ ಗುದ್ದಿ ನಿಂತಿತ್ತು. ಬಿಚ್ಚಿ ನೋಡಿದರೆ ಖಾಲಿ ಕೇಸು ಹೊರಗೆಳೆಯುವ ಎಕ್ಸ್‌ಟ್ರ್ಯಾಕ್ಟರಿನ ಕೊಕ್ಕೆ ತನ್ನ ಗೂಡಿನಲ್ಲೇ ತುಕ್ಕು ಹಿಡಿದು ಅಂಟಿಕೊಂಡಿತ್ತು. ತೋಟಾದ ತಳ ಒರಗುವ ಮುಖದಲ್ಲಿ, ಫೈರಿಂಗ್ ಪಿನ್ನಿನ ತೂತಿನ ಸುತ್ತ ಸಣ್ಣ ಸಣ್ಣ ಗುಳಿ. ಪಿನ್ನು ಬೆರಳಲ್ಲಿ ಒತ್ತಿದರೆ ತಿರುಗಿ ಬರುತ್ತಿರಲಿಲ್ಲ.

ಈ ಪಿನ್ನಿನ ವಿಷಯ ಸ್ವಲ್ಪ ನಿಧಾನವಾಗಿ ಓದಿ. ಪಿನ್ನು ಮುಂದೆ ಚಾಚಿಕೊಂಡೇ ಸಿಕ್ಕಿಬಿದ್ದರೆ ಸ್ಲೈಡು ಮುಚ್ಚುವಾಗ ಅದೇ ಹೋಗಿ ತೋಟಾದ ತಳದಲ್ಲಿ ಕಿಡಿ ಹತ್ತಿಸುವ ಕೇಪಿಗೆ ಬಡಿಯುತ್ತದೆ. ಟ್ರಿಗರ್ ಮುಟ್ಟದೆಯೇ ಈಡು ಹಾರುತ್ತದೆ. ನನಗೆ ಹಾಗಾಗಲಿಲ್ಲ, ಅಷ್ಟೇ ಅದೃಷ್ಟ. ಬಿಡಿಭಾಗ ಹುಡುಕಿ ರಿಪೇರಿ ಮಾಡಿಸುವಷ್ಟರಲ್ಲಿ ಪಿಸ್ತೂಲಿಗೆ ಕೊಟ್ಟ ಹಣದ ಹತ್ತಿರ ಹತ್ತಿರ ಮತ್ತೊಮ್ಮೆ ಕೊಟ್ಟಿದ್ದೆ. ಗುಳಿಗಳು ಈಗಲೂ ಇವೆ.

ತಪ್ಪು ಎಲ್ಲಾಯಿತು ಅಂದರೆ, ಎಷ್ಟೋ ಹಳೇ ಮಿಲಿಟರಿ ತೋಟಾಗಳ ಪ್ರೈಮರಿನಲ್ಲಿ, ನಮ್ಮ ಮಲೆನಾಡಿನ ಭಾಷೆಯಲ್ಲಿ ಕೇಪಿನಲ್ಲಿ, ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ವರ್ಷಗಟ್ಟಲೆ ಗೋದಾಮಿನಲ್ಲಿಟ್ಟರೂ ಕೆಡುವುದಿಲ್ಲ ಅಂತ ಸೈನ್ಯಗಳು ಅದನ್ನೇ ಇಷ್ಟಪಟ್ಟವು. ಅದು ಉರಿದ ಮೇಲೆ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ದಾಯಾದಿ. ಮಳೆಗಾಲದಲ್ಲಿ ಉಪ್ಪಿನ ಮರಿಗೆ ನೀರೊಡೆಯುತ್ತದಲ್ಲ, ಇದೂ ಹಾಗೆಯೇ ಗಾಳಿಯ ತೇವ ಹೀರಿಕೊಂಡು ಉಕ್ಕಿನ ಮೇಲೆ ಕೂರುತ್ತದೆ. ಗಲ್ಫ್ ಕರಾವಳಿಯ ಹವೆಯಲ್ಲಿ ಒಂದು ರಾತ್ರಿಯೇ ಸಾಕು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ಮಾಮೂಲಿ ಸಾಲ್ವೆಂಟಿನಲ್ಲೂ ಕರಗುವುದಿಲ್ಲ. ನಾನು ಮಾಡಿದ್ದು ಉಪ್ಪಿನ ಮೇಲೆ ಎಣ್ಣೆ ಬಳಿದು ಮುಚ್ಚಿಟ್ಟದ್ದು. ಅದಕ್ಕಿಂತ ದೊಡ್ಡ ತಪ್ಪು, ನಳಿಗೆ ಹೊಳೆಯಿತು ಅಂತ ಕೆಲಸ ಮುಗಿಯಿತು ಅಂದುಕೊಂಡದ್ದು. ಈ ಎರಡೂ ಪಿಸ್ತೂಲು ಬ್ಲೋಬ್ಯಾಕ್. ಸ್ಲೈಡನ್ನು ನಳಿಗೆಗೆ ಬೀಗ ಹಾಕಿ ಹಿಡಿಯುವ ವ್ಯವಸ್ಥೆ ಇಲ್ಲ, ಸ್ಲೈಡಿನ ತೂಕ ಮತ್ತು ಸ್ಪ್ರಿಂಗೇ ತಡೆ. ಖಾಲಿ ಕೇಸು ಹಿಂದೆ ಬರುವಾಗ ಉಳಿದ ಹೊಗೆಯೂ ಜೊತೆಗೇ ಹಿಂದೆ ನುಗ್ಗುತ್ತದೆ. ಹಾಗಾಗಿ ಉಪ್ಪು ಹೋಗಿ ಕೂರುವುದು ಸ್ಲೈಡಿನ ಮುಖ, ಎಕ್ಸ್‌ಟ್ರ್ಯಾಕ್ಟರಿನ ಅಡಿ, ಪಿನ್ನಿನ ತೂತು, ನಳಿಗೆಗೆ ಸುತ್ತಿಕೊಂಡಿರುವ ಸ್ಪ್ರಿಂಗು, ಮ್ಯಾಗಜೀನಿನ ತುಟಿ. ನಾನು ಇವುಗಳಲ್ಲಿ ಒಂದನ್ನೂ ತೊಳೆದಿರಲಿಲ್ಲ.

ಮಲೆನಾಡಿನ ಮನೆಗಳಲ್ಲಿ ಕೇಪಿನ ಕೋವಿಗೆ ಈಡಾದ ದಿನವೇ ಕುದಿವ ನೀರು ಹುಯ್ದು ತೊಳೆಯುತ್ತಿದ್ದದ್ದನ್ನು ನೀವೂ ನೋಡಿರಬಹುದು. ಸರಿಯಾದ ವಿಧಾನ ಅದೇ. ಅಂಥ ತೋಟಾ ಹೊಡೆದಿದ್ದರೆ ಅವತ್ತೇ ಪಿಸ್ತೂಲು ಬಿಚ್ಚಿ. ಮ್ಯಾಗಜೀನ್ ತೆಗೆದು, ಸ್ಲೈಡ್ ಎಳೆದು, ಛೇಂಬರ್, ಅಂದರೆ ತೋಟಾ ಕೂರುವ ಗೂಡು, ಖಾಲಿ ಇರುವುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ. ಆಮೇಲೆ ಟ್ರಿಗರ್ ಗಾರ್ಡನ್ನು ಕೆಳಕ್ಕೆ ಎಳೆದು ಪಕ್ಕಕ್ಕೆ ಒತ್ತಿ ಹಿಡಿದು, ಸ್ಲೈಡನ್ನು ಪೂರ್ತಿ ಹಿಂದೆ ತಂದು, ಹಿಂಬದಿ ಎತ್ತಿ ಮುಂದಕ್ಕೆ ಬಿಡಿ. ಎರಡೂ ಪಿಸ್ತೂಲು ಬಿಚ್ಚುವುದು ಹೀಗೇ. ಸ್ಪ್ರಿಂಗಿನ ಯಾವ ತುದಿ ಹಿಂದಿತ್ತು ಅಂತ ಗುರುತಿಟ್ಟುಕೊಳ್ಳಿ. ನಳಿಗೆ ಚೌಕಟ್ಟಿಗೇ ಕೂತಿರುವುದರಿಂದ ಬಾಯಿ ಕೆಳಗೆ ಮಾಡಿ, ಛೇಂಬರಿನ ಕಡೆಯಿಂದ ಸಣ್ಣ ಲಾಳಿಕೆಯಲ್ಲಿ ಬಿಸಿನೀರು ಬಿಡಿ. ಟ್ರಿಗರಿನ ಒಳಗೆ ನೀರು ಇಳಿಯುವುದಿಲ್ಲ. ಸ್ಲೈಡು, ಸ್ಪ್ರಿಂಗು, ಮ್ಯಾಗಜೀನು ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿದ ಬಿಸಿನೀರಿನಲ್ಲಿ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಪೂರ್ತಿ ಒಣಗಿಸಿ, ಆಮೇಲೆ ಸಾಲ್ವೆಂಟು, ಕೊನೆಗೆ ಎಣ್ಣೆ. ಮಾರನೇ ದಿನ ಒಂದು ಬಟ್ಟೆ ತುಂಡು ಎಳೆದು ನೋಡಿ, ಕಂದು ಬಣ್ಣ ಬಂದರೆ ಮತ್ತೆ ನೀರಿಂದ ಶುರು. ಕಿಟಕಿ ಗಾಜು ಒರೆಸುವ ಅಮೋನಿಯಾ ದ್ರಾವಣ ಸಿಂಪಡಿಸಿದರೆ ಉಪ್ಪು ಸಾಯುತ್ತದೆ ಅಂತ ಹೇಳುವವರು ಬಹಳ. ಅಲ್ಲಿ ಕೆಲಸ ಮಾಡುವುದು ಅದರೊಳಗಿನ ನೀರು, ಅಮೋನಿಯಾ ಅಲ್ಲ. ನಲ್ಲಿಯ ನೀರೇ ಸಾಕು.

ಈಗ ನಿಮ್ಮ ಎರಡನೇ ಪ್ರಶ್ನೆ, 'ತೋಟಾ ಸಿಗದಿದ್ದರೆ .380 ಹಾಕಬಹುದಾ, ಅದೂ 9 ಮಿ.ಮೀ. ತಾನೇ'. ಹಾಕಬೇಡಿ. .380 ಬೇರೆಯೇ ತೋಟಾ, ಈ ಎರಡೂ ಪಿಸ್ತೂಲು 9×18 ಮಕರೋವ್ (9 ಗುಂಡಿನ ದಪ್ಪ, 18 ಕೇಸಿನ ಉದ್ದ, ಮಿ.ಮೀ.ನಲ್ಲಿ) ತೋಟಾದವು. ಹೆಸರಿಗೆ 9 ಆದರೂ ಮಕರೋವ್ ಗುಂಡಿನ ಅಡ್ಡಳತೆ 9.27 ಮಿ.ಮೀ., .380ರದ್ದು 9.02 ಮಿ.ಮೀ. ಕೇಸಿನ ಉದ್ದವೂ 18.1 ಇರಬೇಕಾದಲ್ಲಿ 17.3. ಛೇಂಬರಿಗೆ ಇಳಿದುಬಿಡುತ್ತದೆ, ಅದೇ ಮೋಸ. ಕಾಲು ಮಿ.ಮೀ. ಸಣ್ಣ ಗುಂಡು ನಳಿಗೆಯ ಸುರುಳಿ ಗೆರೆಗಳನ್ನು ಸರಿಯಾಗಿ ಹಿಡಿಯುವುದಿಲ್ಲ, ಪಕ್ಕದಿಂದ ಹೊಗೆ ನುಗ್ಗುತ್ತದೆ, ಗುರಿ ಎಲ್ಲೆಲ್ಲೋ ಹೋಗುತ್ತದೆ, ಸಡಿಲವಾಗಿ ಕೂತ ಕೇಸು ಉಬ್ಬುತ್ತದೆ ಇಲ್ಲವೇ ಸೀಳುತ್ತದೆ. ತಿರುಗಾಮುರುಗಾ ಮಾಡುವುದು ಇನ್ನೂ ಅಪಾಯ: .380 ಪಿಸ್ತೂಲಿಗೆ ಮಕರೋವ್ ತೋಟಾ ತುರುಕಿದರೆ ದಪ್ಪ ಗುಂಡು ಕಿರಿದಾದ ನಳಿಗೆಯಲ್ಲಿ ಒತ್ತಡ ಏರಿಸುತ್ತದೆ. ಡಬ್ಬಿಯ ಮೇಲೆ ಬರೀ '9×18' ಅಂತಿದ್ದರೂ ಸಾಲದು, 9 ಮಿ.ಮೀ. ಅಲ್ಟ್ರಾ ಅಥವಾ ಪೊಲೀಸ್ ಅನ್ನುವ ಜರ್ಮನ್ ತೋಟಾಕ್ಕೂ 9×18 ಅಂತಲೇ ಹೆಸರು, ಅದರ ಗುಂಡು ಬೇರೆ ಅಳತೆಯದು. 'ಮಕರೋವ್' ಅನ್ನುವ ಪದ ಕಣ್ಣಿಗೆ ಕಂಡರೆ ಮಾತ್ರ ಕೊಳ್ಳಿ.

ನಾನು ಹಾಕುವುದು ಹಿತ್ತಾಳೆ ಕೇಸಿನ ಹೊಸ ತೋಟಾ, 95 ಗ್ರೇನಿನ ಆಸುಪಾಸು, ಅಂದರೆ ಸುಮಾರು 6 ಗ್ರಾಂ ಗುಂಡಿನದು. ಜೆಕ್ ದೇಶದ ಸೆಲಿಯರ್ ಅಂಡ್ ಬೆಲೊ, ಸರ್ಬಿಯಾದ ಪ್ರ್ವಿ ಪಾರ್ಟಿಜಾನ್ ಎರಡೂ ಇದನ್ನು ಮಾಡುತ್ತವೆ, ತುಕ್ಕಿನ ಕಾಟವಿಲ್ಲ. ರಷ್ಯದ ಉಕ್ಕಿನ ಕೇಸಿನ ಅಗ್ಗದ ತೋಟಾದ ಕಾಲ ಮುಗಿಯಿತು. 2021ರ ಸೆಪ್ಟೆಂಬರ್ 7ರಿಂದ ಅಮೆರಿಕ ಅದಕ್ಕೆ ಹೊಸ ಆಮದು ಪರವಾನಗಿ ಕೊಡುವುದನ್ನು ನಿಲ್ಲಿಸಿದೆ. ಹಳೇ ದಾಸ್ತಾನು ಸಿಕ್ಕರೂ ಎಷ್ಟೋ ಒಳಾಂಗಣ ರೇಂಜುಗಳು ಅಯಸ್ಕಾಂತ ಹಿಡಿದು ನೋಡಿ, ಗುಂಡು ಅಂಟಿದರೆ ಒಳಗೆ ಬಿಡುವುದಿಲ್ಲ.

ಆದ್ದರಿಂದಲೇ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. 'ಪಿಸ್ತೂಲು ಅಗ್ಗ, ಹಾಗಾಗಿ ಕಲಿಯಲು ಇದೇ ಸರಿ' ಅಂದಿದ್ದೀರಿ. ಕಲಿಯುವವನಿಗೆ ಬೇಕಾಗುವುದು ಸಾವಿರ ಈಡು, ಹಣವೆಲ್ಲ ಹೋಗುವುದು ಅಲ್ಲಿಗೆ. ಮೇಲಾಗಿ ಇವೆರಡೂ ಕಲಿಯುವ ಕೈಗೆ ಒಳ್ಳೆಯ ಗುರುಗಳಲ್ಲ. ಪಿ-64 ಅನ್ನು ಪೋಲೆಂಡಿನ ಸೈನ್ಯ 1965ರಲ್ಲಿ ಸೇರಿಸಿಕೊಂಡಿತು, ರಾದೊಮ್ ಕಾರ್ಖಾನೆಯದು, ಪೂರಾ ಉಕ್ಕು, ಸುಮಾರು 620 ಗ್ರಾಂ, 6 ತೋಟಾ. ಹ್ಯಾಮರ್, ಅಂದರೆ ಪಿನ್ನಿಗೆ ಬಡಿಯುವ ಸುತ್ತಿಗೆ, ಇಳಿದಿದ್ದಾಗ ಮೊದಲ ಈಡಿಗೆ ಟ್ರಿಗರ್ ಎಳೆಯಲು 20 ಪೌಂಡಿಗೂ ಮೀರಿದ ಬಲ ಬೇಕು. ಇಡೀ ಕೈ ನಡುಗುತ್ತದೆ. ಹಗುರ ಹ್ಯಾಮರ್ ಸ್ಪ್ರಿಂಗ್ ಸಿಗುತ್ತದೆ, ಹಾಕಿಸಬಹುದು. ತೀರಾ ಹಗುರ ಹಾಕಿದಿರೋ, ಗಟ್ಟಿ ಕೇಪಿನ ತೋಟಾಗಳಿಗೆ ಪೆಟ್ಟು ಸಾಲದೆ ಈಡು ಹಾರುವುದಿಲ್ಲ. ಪಿಎ-63ರ ಚೌಕಟ್ಟು ಅಲ್ಯೂಮಿನಿಯಂ, ಸುಮಾರು 595 ಗ್ರಾಂ, 7 ತೋಟಾ, ನಳಿಗೆ 100 ಮಿ.ಮೀ.; ಪಿ-64ರದ್ದು 84ರ ಆಸುಪಾಸು. ಹಗುರ ಚೌಕಟ್ಟು, ಬ್ಲೋಬ್ಯಾಕ್, ಮಕರೋವ್ ತೋಟಾ ಮೂರೂ ಸೇರಿ ಒದೆತ ನೇರ ಹೆಬ್ಬೆರಳಿನ ಬುಡಕ್ಕೆ ಬಡಿಯುತ್ತದೆ, ಐವತ್ತು ಈಡಿಗೆ ಕೈ ಕೆಂಪಾಗುತ್ತದೆ. ಹಿಡಿಯ ಎಡಬದಿಯಲ್ಲಿ ಹೆಬ್ಬೆರಳಿಗೊಂದು ಮೆಟ್ಟಿಲಿದೆ, ನೀವು ಎಡಗೈಯವರಾದರೆ ಅದು ಅಂಗೈಗೆ ಚುಚ್ಚುತ್ತದೆ. ಮ್ಯಾಗಜೀನ್ ಬಿಡಿಸಲು ಇದರಲ್ಲಿ ಗುಂಡಿ ಇದೆ. ಪಿ-64ರಲ್ಲಿ ಹಿಡಿಯ ತಳದ ಕೊಕ್ಕೆಯನ್ನು ಇನ್ನೊಂದು ಕೈಯಿಂದ ಹಿಂದಕ್ಕೆ ತಳ್ಳಬೇಕು.

ಇವೆರಡರಲ್ಲೇ ಒಂದು ಅಂದರೆ ಪಿ-64, ಉಕ್ಕಿನ ಚೌಕಟ್ಟಿನ ಕಾರಣಕ್ಕೆ. ಆದರೆ ಸ್ವಲ್ಪ ಹೆಚ್ಚು ಹಣ ಸೇರಿಸಿ ಇದೇ ತೋಟಾದ ಬಲ್ಗೇರಿಯನ್ ಮಕರೋವ್ ಪಿಸ್ತೂಲು, ಅದಕ್ಕಿಂತಲೂ ಜೆಕ್ ಸಿಝಡ್-82 ಹುಡುಕಿ ಅಂತ ಒತ್ತಿ ಹೇಳುತ್ತೇನೆ. ಸಿಝಡ್-82 ಸುಮಾರು 800 ಗ್ರಾಂ ಇದೆ, ಆ ತೂಕವೇ ಒದೆತ ನುಂಗುತ್ತದೆ. 12 ತೋಟಾ ಹಿಡಿಯುತ್ತದೆ, ನಳಿಗೆಯೊಳಗೆ ಕ್ರೋಮಿಯಂ ಲೇಪ, ಸೇಫ್ಟಿಯೂ ಮ್ಯಾಗಜೀನ್ ಗುಂಡಿಯೂ ಎರಡೂ ಬದಿಗಿವೆ. ಒಂದು ಎಚ್ಚರ: ಉಳಿದ ಮೂರರಲ್ಲಿ ಸೇಫ್ಟಿ ಹಾಕಿದರೆ ಹ್ಯಾಮರ್ ತಾನೇ ಇಳಿಯುತ್ತದೆ, ಸಿಝಡ್-82ರಲ್ಲಿ ಇಳಿಯುವುದಿಲ್ಲ.

ಕಾಗದಪತ್ರದ ಬಗ್ಗೆ ಎರಡೇ ಮಾತು, ಇದನ್ನು ಓದುವ ಬೇರೆಯವರಿಗಾಗಿ. ಎಚ್-1ಬಿಯಂಥ ವಲಸೆಯೇತರ ವೀಸಾದಲ್ಲಿರುವವರು ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಕೋವಿ ಅಷ್ಟೇ ಅಲ್ಲ, ಒಂದು ತೋಟಾ ಇಟ್ಟುಕೊಳ್ಳುವುದೂ ಅಪರಾಧ. ಬೇಟೆ ಲೈಸೆನ್ಸಿನಂಥ ಕೆಲವೇ ವಿನಾಯಿತಿಗಳಿವೆ. ರೇಂಜಿಗೆ ಒಯ್ಯುವ ಚೀಲವನ್ನು ಊರಿಗೆ ಹೋಗುವ ಸಾಮಾನಿಗೆ ಯಾವತ್ತೂ ಬಳಸಬೇಡಿ. ಮೂಲೆಯಲ್ಲಿ ಮರೆತ ಒಂದೇ ಒಂದು ತೋಟಾ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸಿಕ್ಕರೆ ಅದು ಶಸ್ತ್ರಾಸ್ತ್ರ ಕಾಯಿದೆಯ ಕೇಸು.

ಯಾವುದನ್ನೇ ಆರಿಸಿ, ಹಣ ಕೊಡುವ ಮುಂಚೆ ಅಂಗಡಿಯವನ ಒಪ್ಪಿಗೆ ಕೇಳಿ ಪೆನ್ಸಿಲ್ ಪರೀಕ್ಷೆ ಮಾಡಿ. ಪಿಸ್ತೂಲು ಖಾಲಿ ಅಂತ ಎರಡು ಸಲ ನೋಡಿಕೊಂಡು, ರಬ್ಬರಿನ ತುದಿ ಒಳಗೆ ಹೋಗುವಂತೆ ಪೆನ್ಸಿಲನ್ನು ನಳಿಗೆಗೆ ಇಳಿಸಿ, ಬಾಯಿ ಮೇಲೆ ಮಾಡಿ ಹಿಡಿಯಿರಿ. ಹ್ಯಾಮರ್ ಎತ್ತಿ ಸೇಫ್ಟಿ ಹಾಕಿ: ಹ್ಯಾಮರ್ ಬೀಳಬೇಕು (ಸಿಝಡ್-82ರಲ್ಲಿ ಮಾತ್ರ ಬೀಳುವುದಿಲ್ಲ), ಪೆನ್ಸಿಲ್ ಮಿಸುಕಬಾರದು. ಮಿಸುಕಿದರೆ ಆ ಪಿಸ್ತೂಲು ಅಲ್ಲೇ ಬಿಟ್ಟು ಬನ್ನಿ. ಸೇಫ್ಟಿ ತೆಗೆದು ಟ್ರಿಗರ್ ಎಳೆದರೆ ಪೆನ್ಸಿಲ್ ಚಿಮ್ಮಬೇಕು. ಚಿಮ್ಮದಿದ್ದರೆ ಸ್ಪ್ರಿಂಗು ಸೋತಿದೆ ಅಥವಾ ಪಿನ್ನಿನ ದಾರಿಯಲ್ಲಿ ಗೋದಾಮಿನ ಜಿಡ್ಡು ಕಟ್ಟಿದೆ. ಮನೆಗೆ ತಂದ ಮೇಲೆ ಸ್ಲೈಡು ಬಿಚ್ಚಿ, ಪಿನ್ನು ಹೊರಗೆ ತೆಗೆದು ಆ ಜಿಡ್ಡನ್ನು ಮಿನರಲ್ ಸ್ಪಿರಿಟ್‌ನಲ್ಲಿ ಪೂರ್ತಿ ತೊಳೆಯದೆ ರೇಂಜಿಗೆ ಹೋಗಬೇಡಿ. ಪಿನ್ನಿಗೆ ಎಣ್ಣೆ ಸುರಿಯಬೇಡಿ, ಹೆಸರಿಗಷ್ಟೇ ಸವರಿ. ಮೊದಲ ದಿನ ಮ್ಯಾಗಜೀನಿಗೆ ಎರಡೇ ತೋಟಾ ತುಂಬಿ ಹೊಡೆಯಿರಿ. ಹಳೇ ಪಿಸ್ತೂಲಿನಲ್ಲಿ ಒಂದೇ ಎಳೆತಕ್ಕೆ ಎರಡು ಈಡು ಹಾರುವ ದೋಷ ಇದ್ದರೆ ಆಗಲೇ ಗೊತ್ತಾಗುತ್ತದೆ, ಮೂರನೆಯದು ಒಳಗಿರುವುದಿಲ್ಲ. ಹಾಗೆ ನಾಲ್ಕೈದು ಸಲ ಸರಿಯಾಗಿ ಹೊಡೆದ ಮೇಲೆ ಪೂರ್ತಿ ತುಂಬಿ.