ಓದುಗರ ಪ್ರಶ್ನೆ: ಶಾಲೆಯಲ್ಲಿದ್ದ ಆ ಬಿಬಿಸಿ ಕಂಪ್ಯೂಟರ್ ಯಾರದು?

ಪ್ರಶ್ನೆ: 1980ರ ದಶಕದಲ್ಲಿ ನಾನು ಓದಿದ ಪ್ರೌಢಶಾಲೆಯಲ್ಲಿ ಬಿಬಿಸಿ ಎಂಬ ಹೆಸರಿನ ಕಂಪ್ಯೂಟರ್ ಇತ್ತು. ರೇಡಿಯೊ, ಟಿ.ವಿ. ಸಂಸ್ಥೆಯೊಂದು ಕಂಪ್ಯೂಟರನ್ನೂ ತಯಾರಿಸುತ್ತಿತ್ತೇ? ತಯಾರಿಸಿದ ಕಂಪನಿ ಈಗಲೂ ಇದೆಯೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಹೆಸರಷ್ಟೇ ಬಿಬಿಸಿಯದು, ಯಂತ್ರವನ್ನು ರೂಪಿಸಿದ್ದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಏಕಾರ್ನ್ ಎಂಬ ಕಂಪನಿ. ಆಸ್ಟ್ರಿಯಾ ಮೂಲದ ಭೌತವಿಜ್ಞಾನಿ ಹರ್ಮನ್ ಹೌಸರ್ ಮತ್ತು ಅದಕ್ಕೆ ಮುನ್ನ ಬ್ರಿಟಿಷ್ ಎಲೆಕ್ಟ್ರಾನಿಕ್ಸ್ ಉದ್ಯಮಿ ಕ್ಲೈವ್ ಸಿಂಕ್ಲೇರ್ ಅವರ ಬಳಿ ಕೆಲಸ ಮಾಡಿದ್ದ ಕ್ರಿಸ್ ಕರಿ ಅದನ್ನು 1978ರ ಕೊನೆಯಲ್ಲಿ ಕಟ್ಟಿದರು.

ಜನಸಾಮಾನ್ಯರಿಗೆ ಕಂಪ್ಯೂಟರ್ ಕಲಿಸುವ ಟಿ.ವಿ. ಸರಣಿಯೊಂದನ್ನು ಯೋಜಿಸಿದ್ದ ಬಿಬಿಸಿ, ಅದರ ಜೊತೆಗೆ ಮಾರಬಹುದಾದ ಯಂತ್ರಕ್ಕಾಗಿ 1981ರಲ್ಲಿ ಹುಡುಕುತ್ತಿತ್ತು. ಒಂದು ವಾರದೊಳಗೆ ಮಾದರಿಯನ್ನು ತೋರಿಸಬೇಕಾಗಿ ಬಂದಾಗ ಹೌಸರ್, ಏಕಾರ್ನ್‌ನ ವಿನ್ಯಾಸಕರಾದ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಇಬ್ಬರಿಗೂ ಬೇರೆಬೇರೆಯಾಗಿ ಮಾತನಾಡಿ, ಇನ್ನೊಬ್ಬರು ಆಗಲೇ ಒಪ್ಪಿದ್ದಾರೆಂದು ಹೇಳಿ ಒಪ್ಪಿಸಿದರು. ಮಾದರಿ ಸಕಾಲಕ್ಕೆ ಕೆಲಸ ಮಾಡಿತು, ಗುತ್ತಿಗೆ ದಕ್ಕಿತು. ಆರಂಭದಲ್ಲಿ ಹನ್ನೆರಡು ಸಾವಿರದಷ್ಟು ಮಾರಾಟವಾದೀತೆಂದು ಎಣಿಸಿದ್ದ ಬಿಬಿಸಿ ಮೈಕ್ರೊ ಕೊನೆಗೆ ಹತ್ತು ಲಕ್ಷವನ್ನೂ ದಾಟಿತು. ಭಾರತ ಸರ್ಕಾರ 1984ರಲ್ಲಿ ಆರಂಭಿಸಿದ ‘ಕ್ಲಾಸ್’ ಎಂಬ ಶಾಲಾ ಕಂಪ್ಯೂಟರ್ ಸಾಕ್ಷರತಾ ಯೋಜನೆ ಆರಿಸಿಕೊಂಡದ್ದೂ ಇದನ್ನೇ. ನಿಮ್ಮ ಶಾಲೆಗೆ ಅದು ಬಂದದ್ದು ಬಹುಶಃ ಆ ದಾರಿಯಿಂದ.

ಕಂಪನಿಗೆ ಪೆಟ್ಟು ಬಿದ್ದದ್ದು ಎಲೆಕ್ಟ್ರಾನ್ ಎಂಬ ಅಗ್ಗದ ಯಂತ್ರದಿಂದ. 1983ರ ಕ್ರಿಸ್‌ಮಸ್‌ಗೆ ಬೇಡಿಕೆ ಉಕ್ಕಿದಾಗ ಅದರ ಮುಖ್ಯ ಚಿಪ್ಪಿನ ತಯಾರಿಕೆಯ ತೊಡಕಿನಿಂದ ಅಂಗಡಿಗಳಿಗೆ ಸರಕು ಮುಟ್ಟಲಿಲ್ಲ. ಮರುವರ್ಷ ಸರಕು ಬಂದಾಗ ಕೊಳ್ಳುವವರಿರಲಿಲ್ಲ. ಸಾಲದ ಭಾರ ತಾಳಲಾರದೆ 1985ರ ಆರಂಭದಲ್ಲಿ ಏಕಾರ್ನ್ ಇಟಲಿಯ ಒಲಿವೆಟ್ಟಿ ಕಂಪನಿಯ ಆಸರೆಗೆ ಹೋಯಿತು.

ಆದರೆ ಈ ಕಥೆಯಲ್ಲಿ ನಾನು ಎಲ್ಲಕ್ಕಿಂತ ಮುಖ್ಯವೆಂದು ಬಗೆಯುವುದು ಅದೇ ಸಂಕಟದ ದಿನಗಳಲ್ಲಿ ವಿಲ್ಸನ್ ಮತ್ತು ಫರ್ಬರ್ ಮಾಡುತ್ತಿದ್ದ ಕೆಲಸವನ್ನು. ಮಾರುಕಟ್ಟೆಯಲ್ಲಿ ಸಿಗುತ್ತಿದ್ದ ಪ್ರೊಸೆಸರ್‌ಗಳು, ಅಂದರೆ ಕಂಪ್ಯೂಟರಿನ ಲೆಕ್ಕವನ್ನೆಲ್ಲ ಮಾಡುವ ಚಿಪ್‌ಗಳು, ತೃಪ್ತಿ ಕೊಡದ ಕಾರಣ ಅವರು 1983ರಲ್ಲಿ ತಮ್ಮದೇ ಪ್ರೊಸೆಸರ್ ರಚಿಸತೊಡಗಿದರು. ಕೈಯಲ್ಲಿದ್ದ ಜನ ಬೆರಳೆಣಿಕೆಯಷ್ಟಾದ್ದರಿಂದ ವಿನ್ಯಾಸ ಸರಳವಾಗಿರಲೇಬೇಕಿತ್ತು: ಅದರಲ್ಲಿದ್ದದ್ದು ಸುಮಾರು 25,000 ಟ್ರಾನ್ಸಿಸ್ಟರ್‌ಗಳು (ಪುಟ್ಟ ವಿದ್ಯುತ್ ಸ್ವಿಚ್ಚುಗಳು) ಮಾತ್ರ. ಬೆಲೆ ತಗ್ಗಿಸಲು ಪ್ಲಾಸ್ಟಿಕ್ ಹೊದಿಕೆಯೇ ಬೇಕಾಗಿತ್ತು. ಚಿಪ್ ಒಂದು ವ್ಯಾಟ್‌ಗಿಂತ ಹೆಚ್ಚು ವಿದ್ಯುತ್ ಬಳಸಿದರೆ ಆ ಹೊದಿಕೆ ಕಾವು ತಾಳದು ಎಂಬ ಭಯದಿಂದ ಅವರು ಪ್ರತಿ ಹಂತದಲ್ಲೂ ವಿದ್ಯುತ್ತನ್ನು ಉಳಿಸುತ್ತ ಹೋದರು. 1985ರ ಏಪ್ರಿಲ್ 26ರಂದು ಬಂದ ಮೊದಲ ಚಿಪ್ ಮೊದಲ ಯತ್ನದಲ್ಲೇ ಕೆಲಸ ಮಾಡಿತು. ಅದು ಬಳಸುವ ವಿದ್ಯುತ್ತನ್ನು ಅಳೆಯಲು ಹೋದಾಗ ಮೀಟರ್ ಸೊನ್ನೆ ತೋರಿಸಿತು. ಪರೀಕ್ಷಿಸಿ ನೋಡಿದರೆ ಚಿಪ್ಪಿಗೆ ವಿದ್ಯುತ್ ಸಂಪರ್ಕವೇ ಇರಲಿಲ್ಲ. ಸಂಕೇತದ ತಂತಿಗಳಿಂದ ಸೋರಿದಷ್ಟರಲ್ಲೇ ಅದು ನಡೆಯುತ್ತಿತ್ತು!

ಆ ಚಿಪ್ಪಿನ ಹೆಸರು ಆರ್ಮ್. 1987ರಲ್ಲಿ ಅದರ ಮುಂದಿನ ಆವೃತ್ತಿಯನ್ನು ಹೊತ್ತು ಬಂದ ಏಕಾರ್ನ್‌ನ ಆರ್ಕಿಮಿಡೀಸ್ ಕಂಪ್ಯೂಟರ್ ಬ್ರಿಟನ್ನಿನ ಶಾಲೆಗಳಾಚೆಗೆ ಹೆಚ್ಚು ಹಬ್ಬಲಿಲ್ಲ. 1990ರಲ್ಲಿ ಏಕಾರ್ನ್, ಆಪಲ್ ಮತ್ತು ಚಿಪ್ ತಯಾರಕ ವಿಎಲ್‌ಎಸ್‌ಐ ಟೆಕ್ನಾಲಜಿ ಸೇರಿ ಚಿಪ್ ವಿನ್ಯಾಸಕ್ಕೆಂದೇ ಆರ್ಮ್ ಕಂಪನಿಯನ್ನು ಸ್ಥಾಪಿಸಿದವು. ಏಕಾರ್ನ್ 1998ರಲ್ಲಿ ಡೆಸ್ಕ್‌ಟಾಪ್ ಕಂಪ್ಯೂಟರ್ ತಯಾರಿಕೆಯನ್ನು ನಿಲ್ಲಿಸಿತು, ಮುಂದೆ ಹಂಚಿಹೋಯಿತು. ಆದ್ದರಿಂದ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ‘ಇಲ್ಲ’. ಆರ್ಮ್ ಮಾತ್ರ ಇಂದಿಗೂ ಕೇಂಬ್ರಿಜ್‌ನಲ್ಲೇ ಇದೆ, ಬೆಂಗಳೂರಿನಲ್ಲೂ ಅದರ ವಿನ್ಯಾಸ ಕೇಂದ್ರವಿದೆ. ನಿಮ್ಮ ಕೈಯಲ್ಲಿರುವ ಮೊಬೈಲ್ ಸ್ಮಾರ್ಟ್‌ಫೋನ್ ಆಗಿದ್ದರೆ ಅದು ನಡೆಯುತ್ತಿರುವುದು ಬಹುಮಟ್ಟಿಗೆ ಆ ಚಿಪ್ಪಿನ ವಂಶದ ಪ್ರೊಸೆಸರ್‌ನಿಂದಲೇ.